ಹ್ಯಾಮಕ್‌ನಲ್ಲಿ ಬೆನ್ನು ಬೆಚ್ಚಗಾಗಲು ಮೂರು ಚಳಿಗಾಲ ಬೇಕಾಯಿತು: ನನ್ನ ಅನುಭವ

ಮೊನ್ನೆ ಬೆಳಗಿನ ಜಾವ ಥರ್ಮಾಮೀಟರ್ 4 ಡಿಗ್ರಿ ತೋರಿಸುತ್ತಿತ್ತು. ನಾನು ಹ್ಯಾಮಕ್‌ನಲ್ಲಿ, ಅಂದರೆ ಎರಡು ಮರದ ನಡುವೆ ಕಟ್ಟುವ ಬಟ್ಟೆಯ ತೂಗುಮಂಚದಲ್ಲಿ, ಸೆಕೆ ಆಯಿತು ಅಂತ ಜಾಕೆಟ್ ಬಿಚ್ಚಿಟ್ಟು ಮಲಗಿದ್ದೆ. ಪಕ್ಕದ ಮರಕ್ಕೆ ತನ್ನ ಹ್ಯಾಮಕ್ ಕಟ್ಟಿಕೊಂಡಿದ್ದ ಗೆಳೆಯ ಚಳಿಗೆ ಮೂರು ಗಂಟೆಗೇ ಎದ್ದು ಕೂತಿದ್ದ. "ಮನೇಲಿ ಹೊಲಿದ ಅಂಡರ್‌ಕ್ವಿಲ್ಟು 10 ಡಿಗ್ರಿಗಿಂತ ಕೆಳಗೆ ಕೆಲಸಕ್ಕೆ ಬರಲ್ಲ ಕಣೋ, ಸುಮ್ನೆ ಬಟ್ಟೆ ದಂಡ" ಅಂತ ಹೋದ ವರ್ಷ ಹೇಳಿದವನು ಇವನೇ. ಅಂಡರ್‌ಕ್ವಿಲ್ಟು ಅಂದರೆ ಹ್ಯಾಮಕ್ ಕೆಳಗೆ ಹೊರಗಿನಿಂದ ನೇತುಹಾಕುವ ರಜಾಯಿ. ಬೆಳಗಾದ ಮೇಲೆ ಬಂದು ನನ್ನ ಹ್ಯಾಮಕ್ ಕೆಳಗೆ ಕೈ ತೂರಿಸಿ ನೋಡಿದ. ಏನೂ ಮಾತಾಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ದಪ್ಪ ಸ್ಲೀಪಿಂಗ್ ಬ್ಯಾಗ್ ಕೊಂಡೆ. ಹ್ಯಾಮಕ್‌ಗೆ ಕೊಟ್ಟದ್ದರ ನಾಲ್ಕು ಪಟ್ಟು ದುಡ್ಡು. ಎದೆಯ ಮೇಲೆ ಬೆವರು, ಕೆಳಗೆ ಬೆನ್ನು, ಕುಂಡಿ ಎರಡೂ ಮರಗಟ್ಟಿದವು. ಮೈ ಭಾರಕ್ಕೆ ಕೆಳಗಿನ ತುಂಬು (ಒಳಗೆ ತುಂಬಿದ ಮೆತ್ತನೆ ಪದರ) ಅಪ್ಪಚ್ಚಿ ಆಗುತ್ತೆ, ಗಾಳಿ ಹಿಡಿದಿಡಲು ಅಲ್ಲಿ ಏನೂ ಉಳಿಯಲ್ಲ ಅಂತ ಗೊತ್ತಿದ್ದೂ, ಇನ್ನೂ ದಪ್ಪದ್ದು ತಂದರೆ ಸರಿಹೋದೀತು ಅಂತ ಮೈನಸ್ 10 ಡಿಗ್ರಿ ಚಳಿಗೆ ಅಂತ ಮಾಡಿದ ಬ್ಯಾಗನ್ನೂ ತಂದೆ. ಫಲಿತಾಂಶ ಅದೇ. ಅದನ್ನು ಅರ್ಧ ಬೆಲೆಗೆ ಮಾರುವಾಗ ಹೊಟ್ಟೆ ಉರಿಯಿತು.

ಆಮೇಲೆ ಫೋಮ್ ಮ್ಯಾಟ್. ಬಡವರ ಪಾಲಿಗೆ ಇದೇನೂ ಕೆಟ್ಟದ್ದಲ್ಲ, 8 ಡಿಗ್ರಿವರೆಗೆ ನನ್ನನ್ನು ಕಾಪಾಡಿದೆ. ಆದರೆ ಅಗಲ 50 ಸೆಂ.ಮೀ. ಮಾತ್ರ. ಹ್ಯಾಮಕ್ ಬಟ್ಟೆ ಎರಡೂ ಭುಜವನ್ನು ಅಪ್ಪಿಕೊಳ್ಳುತ್ತೆ, ಅಲ್ಲಿಗೆ ಮ್ಯಾಟ್ ಎಟುಕಲ್ಲ. ಹಳೇ ಮ್ಯಾಟ್ ಕತ್ತರಿಸಿ ಎರಡು ರೆಕ್ಕೆ ಅಂಟಿಸಿದೆ. ಭುಜ ಬೆಚ್ಚಗಾಯಿತು, ಆದರೆ ಮಗ್ಗುಲು ಬದಲಿಸಿದಾಗಲೆಲ್ಲ ಇಡೀ ಮ್ಯಾಟ್ ಜಾರಿ ಕಾಲ ಕಡೆ ಹೋಗುತ್ತಿತ್ತು. ಎರಡು ಪದರದ ಹ್ಯಾಮಕ್ ಇದ್ದವರು ಮಧ್ಯೆ ತೂರಿಸಿಕೊಳ್ಳಬಹುದು. ನನ್ನದು ಒಂದೇ ಪದರ.

ಬೆಳ್ಳಿ ಬಣ್ಣದ ಎಮರ್ಜೆನ್ಸಿ ಬ್ಲಾಂಕೆಟ್ ಕೂಡ ಹಾಸಿ ನೋಡಿದೆ. ರಾತ್ರಿಯೆಲ್ಲ ಪರಪರ ಸದ್ದು, ಬೆಳಿಗ್ಗೆ ಬನಿಯನ್ ಹಿಂಡಿದರೆ ನೀರು. ಇನ್ನೊಂದು ಸಲ ತಲೆ ಕೆಟ್ಟು, ಹಳೇ ಬೆಡ್‌ಶೀಟ್ ಒಂದನ್ನು ಹ್ಯಾಮಕ್ ಕೆಳಗೆ ತೊಟ್ಟಿಲಿನ ಹಾಗೆ ಕಟ್ಟಿ ಅದರ ತುಂಬ ಒಣ ಎಲೆ ತುಂಬಿದೆ. ನಗಬೇಡಿ, ನಿಜವಾಗಲೂ ಬೆಚ್ಚಗಿತ್ತು! ಒಂದು ಗಂಟೆ ಹೊತ್ತು. ಆಮೇಲೆ ಇರುವೆ ಎದ್ದವು. ಆದರೂ ಭಾರ ಬೀಳದ ತುಂಬು ಕೆಳಗೆ ನೇತಾಡಿದರೆ ಸಾಕು ಅನ್ನೋದು ಆ ರಾತ್ರಿಯೇ ಖಾತ್ರಿಯಾಯಿತು.

ರೆಡಿಮೇಡ್ ಡೌನ್ ಅಂಡರ್‌ಕ್ವಿಲ್ಟಿನ ಬೆಲೆ ನೋಡಿ ಹೊಲಿಗೆ ಮಷಿನ್ ಮುಂದೆ ಕೂತೆ. ಡೌನ್ (ಬಾತುಕೋಳಿಯಂಥ ಹಕ್ಕಿಯ ಮೆತ್ತನೆ ಪುಕ್ಕ) ಹಗುರ, ಸಣ್ಣಗೆ ಮಡಚಿಕೊಳ್ಳುತ್ತೆ, ಒಪ್ಪುತ್ತೇನೆ. ಆದರೆ ಒದ್ದೆಯಾದರೆ ಮುದ್ದೆ, ಅದು ಸರಿಯದ ಹಾಗೆ ಒಳಗೆ ಬಟ್ಟೆಯ ಗೋಡೆ ಹೊಲಿದು ಪುಕ್ಕ ತೂಗಿ ತುಂಬುವ ತಾಳ್ಮೆ ನನಗಿಲ್ಲ. ಕ್ಲೈಮಾಶೀಲ್ಡ್ ಅಪೆಕ್ಸ್ ಅನ್ನುವ ಕೃತಕ ನಾರಿನ ಹಾಳೆ ತಂದೆ, ಚದರ ಮೀಟರಿಗೆ ಸುಮಾರು 170 ಗ್ರಾಂನದು. ಅದರ ಎಳೆ ಉದ್ದಕ್ಕೆ ಒಂದೇ ಆಗಿರುವುದರಿಂದ ಅಂಚು ಹೊಲಿದರೆ ಸಾಕು. ನಾನು ಬುದ್ಧಿವಂತ ನೋಡಿ, ಚಂದ ಕಾಣಲಿ ಅಂತ ನಡುವೆಯೂ ಆರು ಸಾಲು ಹೊಲಿದೆ. ಮಲಗಿದಾಗ ಬೆನ್ನ ಮೇಲೆ ಬೆರಳಲ್ಲಿ ಗೆರೆ ಎಳೆದ ಹಾಗೆ ಆರೂ ಸಾಲು ತಣ್ಣಗೆ ಗೊತ್ತಾಗುತ್ತಿತ್ತು. ಒಳ ಬಟ್ಟೆ, ಹೊರ ಬಟ್ಟೆ ಒಂದೇ ಅಗಲ ಕತ್ತರಿಸಿದ್ದು ಇನ್ನೊಂದು ತಪ್ಪು. ಬಾಗಿದಾಗ ಹೊರಗಿನದು ಬಿಗಿದು ತುಂಬನ್ನು ಒತ್ತಿಬಿಟ್ಟಿತು.

ಎರಡನೆಯದರಲ್ಲಿ ಹೊರ ಬಟ್ಟೆಗೆ 10 ಸೆಂ.ಮೀ. ಜಾಸ್ತಿ ಬಿಟ್ಟೆ. ಉದ್ದ ಕುತ್ತಿಗೆಯಿಂದ ಮೊಣಕಾಲಿನವರೆಗೆ, 130 ಸೆಂ.ಮೀ. ಆಸುಪಾಸು. ತೂಕ 450 ಗ್ರಾಂ ಇರಬೇಕು. ಖರ್ಚು ರೆಡಿಮೇಡಿನ ಮೂರನೇ ಒಂದು ಭಾಗ. ಹಾಳು ಮಾಡಿದ ಮೊದಲನೆಯದನ್ನೂ ಸೇರಿಸಿದರೆ ಮೂರನೇ ಎರಡು, ಸುಳ್ಳು ಯಾಕೆ ಹೇಳಲಿ.

ಇಷ್ಟಾದರೂ ಮೊದಲ ರಾತ್ರಿ 12 ಡಿಗ್ರಿಯಲ್ಲೇ ನಡುಗಿದೆ! ಸಂದಿ ಇರಬಾರದು ಅಂತ ಕ್ವಿಲ್ಟನ್ನು ನೇತುಹಾಕುವ ಎಲಾಸ್ಟಿಕ್ ಹಗ್ಗವನ್ನು ಜಗ್ಗಿ ಜಗ್ಗಿ ಕಟ್ಟಿದ್ದೆ. ಅಲ್ಲೂ ಅಪ್ಪಚ್ಚಿ. ಸಡಿಲ ಬಿಟ್ಟರೆ ನಡುವೆ ತಣ್ಣನೆ ಗಾಳಿ. ಕೊನೆಗೆ ಮನೆಯಲ್ಲೇ ಹ್ಯಾಮಕ್ ಕಟ್ಟಿ, ಒಳಗೆ ಮಲಗಿ, ತಮ್ಮನ ಕೈಲಿ ಅಳತೆ ಮಾಡಿಸಿದೆ. ಹ್ಯಾಮಕ್ ಮತ್ತು ಕ್ವಿಲ್ಟಿನ ನಡುವೆ ಅಂಗೈ ಚಪ್ಪಟೆ ಇಟ್ಟು ತೂರಿಸಿದರೆ ಎರಡೂ ಬದಿ ಬಟ್ಟೆ ಸವರಬೇಕು, ಕೈ ಸಿಕ್ಕಿಕೊಳ್ಳಬಾರದು. ಅಷ್ಟೇ ಬಿಗಿ. ಓರೆಯಾಗಿ ಮಲಗುವವರು ಕ್ವಿಲ್ಟನ್ನೂ ಅದೇ ಓರೆಗೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಒಂದು ಭುಜ ಹೊರಗೇ. ಒಳಗಿಂದಲೇ ಬಿಗಿ ಬದಲಿಸಲು ತಲೆ ಕಡೆ ಒಂದು ಗಂಟು ಹಾಕಿದ್ದೇನೆ. ಅದನ್ನು ಈಗ ಹೇಳಲ್ಲ, ಗೆಳೆಯನಿಗೂ ಹೇಳಿಲ್ಲ.

ಗಾಳಿ ಮಾತ್ರ ಮರೆಯಬೇಡಿ. ಟಾರ್ಪ್ (ಹ್ಯಾಮಕ್ ಮೇಲೆ ಚಾವಣಿಯ ಹಾಗೆ ಕಟ್ಟುವ ಹೊದಿಕೆ) ಮೇಲೆತ್ತಿ ಕಟ್ಟಿದ ಒಂದು ರಾತ್ರಿ 9 ಡಿಗ್ರಿಯಲ್ಲೂ ಎಲ್ಲ ಶಾಖ ಬಳಿದುಕೊಂಡು ಹೋಯಿತು. ಈಗ ಗಾಳಿ ಬರುವ ಕಡೆ ಟಾರ್ಪನ್ನು ನೆಲಕ್ಕೆ ಮುಟ್ಟುವಷ್ಟು ಇಳಿಸುತ್ತೇನೆ. ಮೇಲೆ ಹೊದೆಯುವುದು ಆ ಮೊದಲ ಸ್ಲೀಪಿಂಗ್ ಬ್ಯಾಗನ್ನೇ, ಜಿಪ್ ಬಿಚ್ಚಿ ದುಪ್ಪಟಿ ಥರ. ಮಾರಿದ್ದರೆ ಕೆಟ್ಟೆ.

ಪಾದದ ಕಡೆ ಇನ್ನೂ ತಕರಾರಿದೆ. ಅಲ್ಲಿಗೆ ಆ ಹಳೇ ಫೋಮಿನ ತುಂಡು ಇಟ್ಟುಕೊಳ್ಳುತ್ತೇನೆ, ಹೇಗೂ ಎರಡು ಗಂಟೆ ಹೊತ್ತಿಗೆ ಜಾರುತ್ತೆ. ಒಂದು ಮೂಲೆಗೆ ವೆಲ್ಕ್ರೋ ಹೊಲಿದಿದ್ದೇನೆ, ಮುಂದಿನ ಸಲ ನೋಡಬೇಕು.