ಬೆಕ್ಕಿನ ಎದೆಬಡಿತ ಲಯ ತಪ್ಪಿದಾಗ: ಮೊದಲು ಕಾರಣ, ಆಮೇಲೆ ಮಾತ್ರೆ

ಬೆಕ್ಕಿನ ಎದೆಬಡಿತದಲ್ಲಿ ಏರುಪೇರು ಕೇಳಿಸಿದ ಕೂಡಲೇ ನಾನು ಔಷಧಿ ಬರೆಯುವುದಿಲ್ಲ. ಹೆಚ್ಚಾಗಿ ಮೂಲದಲ್ಲಿರುವುದು ಹೃದಯದ ಗೋಡೆ ದಪ್ಪಗಾಗುವ ಎಚ್‌ಸಿಎಂ. ವಯಸ್ಸಾದ ಬೆಕ್ಕಾದರೆ ಥೈರಾಯ್ಡ್ ಏರಿರಬಹುದು. ಹಾಗಾಗಿ ಎಕೋ (ಹೃದಯದ ಸ್ಕ್ಯಾನ್), ಟಿ4 (ಥೈರಾಯ್ಡ್ ಹಾರ್ಮೋನ್), ಪೊಟ್ಯಾಸಿಯಂ, ರಕ್ತದೊತ್ತಡ ನೋಡದೆ ಮುಂದುವರಿಯುವುದಿಲ್ಲ.

ಇಸಿಜಿಗೆ ಬಲಮಗ್ಗುಲಲ್ಲಿ ಮಲಗಿಸುತ್ತೇನೆ. ಏದುಸಿರಿದ್ದರೆ ಮಲಗಿಸುವುದೇ ಇಲ್ಲ, ಕೂತಲ್ಲೇ ಕ್ಲಿಪ್ ಹಾಕುತ್ತೇನೆ. ಅಲೆಗಳು ತೀರಾ ಚಿಕ್ಕವಾದ್ದರಿಂದ ಒಂದು ಮಿಲಿವೋಲ್ಟ್‌ಗೆ 20 ಮಿ.ಮೀ. ಎತ್ತರ, ಸೆಕೆಂಡಿಗೆ 50 ಮಿ.ಮೀ. ವೇಗ ಬೇಕು. ಬೆಕ್ಕು ಗುರುಗುಟ್ಟಿದರೆ ಗೆರೆ ನಡುಗಿ, ಹೃದಯದ ಮೇಲಿನ ಕೋಣೆ (ಏಟ್ರಿಯಂ) ಲಯವಿಲ್ಲದೆ ಅದುರುವ ಏಟ್ರಿಯಲ್ ಫಿಬ್ರಿಲೇಷನ್‌ನಂತೆ ಕಾಣುತ್ತದೆ. ಪಕ್ಕದಲ್ಲಿ ನಲ್ಲಿ ಬಿಟ್ಟರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ನಿಜವಾದ ಫಿಬ್ರಿಲೇಷನ್ ಬೆಕ್ಕಿನಲ್ಲಿ ಅಪರೂಪ. ಇದ್ದರೆ ಹೆಚ್ಚಾಗಿ ಏಟ್ರಿಯಂ ಬಹಳ ಹಿಗ್ಗಿರುತ್ತದೆ.

ಅಲ್ಲೊಂದು ಇಲ್ಲೊಂದು ಬರುವ, ಹೃದಯದ ಕೆಳಗಿನ ಕೋಣೆಯಾದ ವೆಂಟ್ರಿಕಲ್‌ನ ಹೆಚ್ಚುವರಿ ಬಡಿತಕ್ಕೆ ಮದ್ದು ಬೇಡ. ಸಾಲುಸಾಲಾಗಿ ವೇಗವಾಗಿ ಬಂದರೆ, ಬೆಕ್ಕು ಕುಸಿದು ಬೀಳುತ್ತಿದ್ದರೆ, ಲಿಡೊಕೇನ್ ಕೆಜಿಗೆ 0.25ರಿಂದ 0.5 ಮಿಲಿಗ್ರಾಂ, ರಕ್ತನಾಳದಲ್ಲಿ ನಿಧಾನವಾಗಿ. ನಾಯಿಗೆ ಕೊಡುವ 2 ಮಿಲಿಗ್ರಾಂ ಕೊಟ್ಟರೆ ಫಿಟ್ಸ್ ಬರಬಹುದು. ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸಿ ನೀರು ಇಳಿಸುವ ಮದ್ದು) ನಡೆಯುತ್ತಿರುವ ಬೆಕ್ಕಿಗೆ ಲಿಡೊಕೇನ್ ಹತ್ತದಿದ್ದರೆ ಪೊಟ್ಯಾಸಿಯಂ ಇಳಿದಿದೆಯೇ ನೋಡಿ. ಇಳಿದಿದ್ದರೆ ಅದನ್ನು ಸರಿಪಡಿಸುವವರೆಗೆ ಡೋಸ್ ಏರಿಸಿ ಫಲವಿಲ್ಲ. ಮನೆಯಲ್ಲಿ ಮುಂದುವರಿಸಲು ಸೋಟಲಾಲ್, ಒಂದು ಬೆಕ್ಕಿಗೆ 10 ಮಿಲಿಗ್ರಾಂನಿಂದ ಶುರು, 12 ಗಂಟೆಗೊಮ್ಮೆ. ಇಲ್ಲವೇ ಅಟೆನಲಾಲ್ 6.25 ಮಿಲಿಗ್ರಾಂ, ಅಂದರೆ 25ರ ಮಾತ್ರೆಯ ಕಾಲು ಭಾಗ. ಶ್ವಾಸಕೋಶದಲ್ಲಿ ನೀರಿದ್ದಾಗ, ಅಸ್ತಮಾ ಇದ್ದಾಗ ಇವೆರಡನ್ನೂ ಶುರು ಮಾಡುವುದಿಲ್ಲ. ಒಮ್ಮೆಗೇ ನಿಲ್ಲಿಸುವುದೂ ಅಪಾಯ.

ಮೂತ್ರ ಕಟ್ಟಿದ ಗಂಡುಬೆಕ್ಕಿನ ಬಡಿತ ನಿಧಾನವಾಗಿ, ಇಸಿಜಿಯಲ್ಲಿ ಮೇಲಿನ ಕೋಣೆಯ ಪಿ ಅಲೆ ಮಾಯವಾಗಿ, ಕೆಳಗಿನ ಕೋಣೆಯ ಕ್ಯೂಆರ್‌ಎಸ್ ಅಗಲವಾಗಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂದೇ ತಿಳಿಯಿರಿ, ರಿಪೋರ್ಟಿಗೆ ಕಾಯಬೇಡಿ. 10% ಕ್ಯಾಲ್ಸಿಯಂ ಗ್ಲುಕೋನೇಟ್, ಕೆಜಿಗೆ 0.5ರಿಂದ 1 ಮಿಲಿ, ಸುಮಾರು 10 ನಿಮಿಷದಲ್ಲಿ, ಇಸಿಜಿ ಮೇಲೆ ಕಣ್ಣಿಟ್ಟು. ಇದು ಹೃದಯವನ್ನು ಸ್ವಲ್ಪ ಹೊತ್ತು ಕಾಪಾಡುತ್ತದೆಯೇ ಹೊರತು ಪೊಟ್ಯಾಸಿಯಂ ಇಳಿಸುವುದಿಲ್ಲ; ಆ ಬಿಡುವಿನಲ್ಲೇ ಕ್ಯಾಥೆಟರ್ ಹಾಕಿ ಮೂತ್ರ ಬಿಡಿಸಬೇಕು.

ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ತಲುಪದ ಪೂರ್ಣ ಎವಿ ಬ್ಲಾಕ್ ಇದ್ದರೂ ನಿಮಿಷಕ್ಕೆ 100–120 ಬಡಿತದಲ್ಲಿ ಎಷ್ಟೋ ಬೆಕ್ಕುಗಳು ಆರಾಮಾಗಿರುತ್ತವೆ. ಪದೇಪದೇ ಮೂರ್ಛೆ ಬಂದರೆ ಮಾತ್ರ ಪೇಸ್‌ಮೇಕರ್ ಮಾತು. ಆ ಮೂರ್ಛೆಯನ್ನು ಫಿಟ್ಸ್ ಎಂದುಕೊಂಡು ಮದ್ದು ಕೊಡುವುದುಂಟು, ಆದ್ದರಿಂದ ಬಿದ್ದಾಗಿನ ವೀಡಿಯೊ ತರಲು ಹೇಳುತ್ತೇನೆ.

ಎಡ ಏಟ್ರಿಯಂ ಹಿಗ್ಗಿದ್ದರೆ ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್ 18.75 ಮಿಲಿಗ್ರಾಂ, ದಿನಕ್ಕೊಮ್ಮೆ. ವಿಪರೀತ ಕಹಿ, ಹಾಗೆಯೇ ಕೊಟ್ಟರೆ ಬಾಯಲ್ಲಿ ನೊರೆ ಬರುತ್ತದೆ. 75ರ ಮಾತ್ರೆಯ ಕಾಲು ಭಾಗವನ್ನು ಖಾಲಿ ಜೆಲಾಟಿನ್ ಕ್ಯಾಪ್ಸೂಲಿಗೆ ತುಂಬಿ, ನುಂಗಿಸಿದ ಮೇಲೆ ಸಿರಿಂಜಿನಿಂದ ಸ್ವಲ್ಪ ನೀರು ಕುಡಿಸಿ. ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೇ ತಿಳಿಯಲು ನಿದ್ದೆಯಲ್ಲಿರುವಾಗ ಉಸಿರು ಎಣಿಸಿ ಬರೆದಿಡಿ. ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಅಂದೇ ತೋರಿಸಿ.