ಮನೆಯಲ್ಲೇ ಜಿಗ್‌ಗೆ ಪೌಡರ್ ಕೋಟಿಂಗ್

ಗೋವಾದ ವಾಸ್ಕೋದಲ್ಲಿ ಜುವಾರಿ ನದಿ ದಡದ ಕಲ್ಲುಗಳ ಮೇಲೆ ನಿಂತು ಚೋಣಕ್ ಮೀನು ಹಿಡಿಯುವ ನಮಗೆ ಜಿಗ್‌ನ, ಅಂದರೆ ಸೀಸದ ತಲೆಯಿರುವ ಗಾಳದ, ಬಣ್ಣವೇ ತಲೆನೋವು. ಮಾಮೂಲಿ ಪೇಂಟ್ ನಾಲ್ಕು ಸಲ ಕಲ್ಲಿಗೆ ತಾಗಿದರೆ ಎದ್ದು ಹೋಗುತ್ತದೆ, ಅಲ್ವಾ? ಬಣ್ಣದ ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಅಂಟಿಸುವ ಪೌಡರ್ ಕೋಟಿಂಗ್ ಗಟ್ಟಿಯಾಗಿ ಕೂರುತ್ತದೆ.

ಮೊದಲು ಸೀಸದ ಜಿಗ್‌ನ ಜಿಡ್ಡು ಒರೆಸಿ. ಪೌಡರ್ ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಜರಡಿ ಹಿಡಿದ ಹಿಟ್ಟಿನಂತೆ ಹಗುರಾಗಬೇಕು. ಇಲ್ಲಿನ ಮಳೆಗಾಲಕ್ಕೆ ಅದು ಬೇಗ ಗಂಟು ಕಟ್ಟುತ್ತದೆ, ಮುಚ್ಚಳ ಬಿಗಿಯಾಗಿರಲಿ. ಗಾಳವನ್ನು ಇಕ್ಕಳದಲ್ಲಿ ಹಿಡಿದು, ಹೀಟ್ ಗನ್ (ಬಿಸಿಗಾಳಿ ಊದುವ ಉಪಕರಣ) ಮುಂದೆ ಜಿಗ್ ತಲೆಯನ್ನು ತಿರುಗಿಸುತ್ತಾ ಕಾಯಿಸಿ, ಪೌಡರ್‌ನಲ್ಲಿ ಸರ್ರನೆ ಒಮ್ಮೆ ಅದ್ದಿ ತೆಗೆಯಿರಿ. ಪುಡಿ ಕರಗಿ ಹೊಳೆದರೆ ಬಿಸಿ ಸರಿಯಿದೆ. ಒಣ ಹಿಟ್ಟಿನಂತೆ ಉಳಿದರೆ ಇನ್ನೂ ಸ್ವಲ್ಪ ಬಿಸಿ ತೋರಿಸಿ. ದಪ್ಪಗೆ ಮೆತ್ತಿಕೊಂಡು ಇಳಿದರೆ ಕಾದಿದ್ದು ಜಾಸ್ತಿ. ದಾರ ಕಟ್ಟುವ ಕಣ್ಣನ್ನು ಮೆತ್ತಗಿರುವಾಗಲೇ ಸೂಜಿಯಿಂದ ಬಿಡಿಸಿ, ಆಮೇಲೆ ಅದು ಕಲ್ಲಿನ ಹಾಗಾಗುತ್ತದೆ.

ನಂತರ ಸಣ್ಣ ಓವನ್‌ನಲ್ಲಿ ಒಂದಕ್ಕೊಂದು ತಾಗದಂತೆ ನೇತುಹಾಕಿ, ಸುಮಾರು 175 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಇದನ್ನು ಮಾತ್ರ ತಪ್ಪಿಸಬೇಡಿ, ಬೇಯದ ಕೋಟಿಂಗ್ ಸುಮ್ನೆ ಚಕ್ಕೆ ಏಳುತ್ತದೆ. ಸೀಸ ಕರಗುವುದು 327 ಡಿಗ್ರಿಗೆ, ಹಾಗಾಗಿ ಭಯವಿಲ್ಲ.

ಅಡುಗೆಯ ಓವನ್ ಖಂಡಿತ ಬೇಡ. ಗಾಳಿಯಾಡುವ ಬಾಲ್ಕನಿ, ಮೂಗಿಗೆ ಮಾಸ್ಕ್, ಮಕ್ಕಳು ದೂರ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ.