ಹಳೇ ಕೆನೋಗೆ ಹೊಸ ಮರ: ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ

ಫೈಬರ್ ಕೆನೋದಲ್ಲಿ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಮೊದಲು ಹಾಳಾಗುವುದು ಸಾಮಾನ್ಯವಾಗಿ ಮರದ ಭಾಗ. ಅಂಚಿನ ಉದ್ದಕ್ಕೂ ಒಳಗೊಂದು ಹೊರಗೊಂದು ಕೂತಿರುವ ಪಟ್ಟಿಗಳು, ನಡುವಿನ ಅಡ್ಡಪಟ್ಟಿ, ಸೀಟಿನ ಚೌಕಟ್ಟು. ಪಾರ್ಕಿಂಗ್ ನೆಲದ ಮೇಲೆ ಬೋರಲು ಹಾಕಿಟ್ಟ ದೋಣಿಯಲ್ಲಿ ಮಳೆಗಾಲದ ತೇವ ಕುಡಿಯುವುದೂ ಈ ಅಂಚೇ.

ಸ್ಕ್ರೂಡ್ರೈವರ್ ತುದಿಯಿಂದ ಮರವನ್ನು ಅಲ್ಲಲ್ಲಿ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಅದು ಕೊಳೆತಿದೆ. ಎರಡು ತುದಿ ಮತ್ತು ಸ್ಕ್ರೂ ತೂತುಗಳ ಸುತ್ತ ಜಾಸ್ತಿ ಗಮನ ಕೊಡಿ. ಬಣ್ಣ ಮಾಸಿದ ಮಾತ್ರಕ್ಕೆ ಮರ ಬದಲಿಸಬೇಕಿಲ್ಲ, ಉಪ್ಪುಕಾಗದ ಹಾಕಿ ಉಜ್ಜಿದರೆ ಸಾಕು.

ಬಿಚ್ಚುವ ಮೊದಲು ದೋಣಿಯ ಅಗಲವನ್ನು ಮೂರು ನಾಲ್ಕು ಕಡೆ ಅಳೆದು ಬರೆದಿಡಿ. ಅಡ್ಡಪಟ್ಟಿ, ಅಂಚು ಎರಡೂ ಒಟ್ಟಿಗೆ ಹೋದರೆ ಒಡಲು ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಹಳೇ ಆಕಾರಕ್ಕೆ ತರೋದು ದೊಡ್ಡ ತಲೆನೋವು. ಹಾಗಾಗಿ ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಕೊಳೆತ ತುಂಡನ್ನೂ ಎಸೆಯಬೇಡಿ, ಅದೇ ನಿಮ್ಮ ಅಳತೆ.

ಮರಕ್ಕೆ ಬೆಂಗಳೂರಿನ ಮೈಸೂರು ರಸ್ತೆ ಅಥವಾ ಸಿದ್ದಯ್ಯ ರಸ್ತೆಯ ಟಿಂಬರ್ ಅಂಗಡಿಗಳಲ್ಲಿ ವಿಚಾರಿಸಿ. ನನ್ನ ಆಯ್ಕೆ ಹಳೇ ಮನೆ ಕೆಡವಿದಾಗ ಸಿಗುವ ತೇಗ. ಅದು ಚೆನ್ನಾಗಿ ಒಣಗಿರುತ್ತದೆ. ಒಳಗೆ ಮೊಳೆ ಉಳಿದಿದೆಯಾ ಅಂತ ಮಾತ್ರ ನೋಡಿಕೊಳ್ಳಿ, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ. ಎಳೆ ನೇರವಾಗಿರಬೇಕು, ಗಂಟು ಇರಬಾರದು. ಗಂಟಿದ್ದರೆ ಬಾಗಿಸುವಾಗ ಅಲ್ಲೇ ಮುರಿಯುತ್ತದೆ.

ಹದಿನಾರು ಅಡಿಯ ಪಟ್ಟಿ ಒಂದೇ ತುಂಡಿನಲ್ಲಿ ಸಿಗೋದು ಕಷ್ಟ ಅಲ್ವಾ? ಎರಡು ತುಂಡು ಸೇರಿಸಿ. ನೇರಕ್ಕೆ ಕತ್ತರಿಸಿ ಅಂಟಿಸಿದರೆ ನಿಲ್ಲುವುದಿಲ್ಲ. ಎರಡರ ತುದಿಯನ್ನೂ ಓರೆಯಾಗಿ ರಂದ ಹೊಡೆಯಿರಿ: ದಪ್ಪ 20 ಮಿ.ಮೀ. ಇದ್ದರೆ ಓರೆಯ ಉದ್ದ 160 ಮಿ.ಮೀ., ಅಂದರೆ ಎಂಟು ಪಟ್ಟು. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟಿಸುವ ಮುಂಚೆ ಅಸಿಟೋನ್‌ನಿಂದ ಒರೆಸಿ. ಮೊದಲು ಬರೀ ಎಪಾಕ್ಸಿ (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟು) ಸವರಿ, ಮೇಲೆ ಮರದ ಹುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ಹಚ್ಚಿ. ತುಂಡುಗಳನ್ನು ಒತ್ತಿ ಹಿಡಿಯುವ ಕ್ಲಾಂಪನ್ನು ಹದವಾಗಿ ಬಿಗಿಯಿರಿ. ತೀರಾ ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತದೆ. ಒಳಪಟ್ಟಿಯ ಜೋಡಣೆ, ಹೊರಪಟ್ಟಿಯ ಜೋಡಣೆ ಎದುರುಬದುರು ಬರದಿರಲಿ.

ಕೂರಿಸುವಾಗ ನಡುವಿನಿಂದ ಶುರು ಮಾಡಿ, ಎರಡೂ ತುದಿಯ ಕಡೆಗೆ ಕ್ಲಾಂಪ್ ಹಾಕುತ್ತಾ ನಿಧಾನವಾಗಿ ಬಾಗಿಸಿ. ಕಬ್ಬಿಣದ ಸ್ಕ್ರೂ ಬೇಡ, ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದು ತನ್ನಿ. ಹಿತ್ತಾಳೆ ಸ್ಕ್ರೂ ಸುಲಭವಾಗಿ ಮುರಿಯುತ್ತದೆ. ತೂತು ಕೊರೆದು, ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಸೋಪು ಸವರಿದ ಹಿತ್ತಾಳೆಯದನ್ನು ಹಾಕಿ.

ಕೊನೆಗೆ ಅಗಸೆ ಎಣ್ಣೆ ಅಥವಾ ಬಿಸಿಲು ತಡೆಯುವ ವಾರ್ನಿಷ್, ಯಾವುದಾದರೂ ಒಂದು. ಪಟ್ಟಿಯ ಕೊನೆಗಳಿಗೂ, ತೂತುಗಳ ಒಳಗೂ ಹಚ್ಚಿ, ನೀರು ಇಳಿಯುವುದೇ ಅಲ್ಲಿಂದ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಯಲಿನಲ್ಲಿ ಹರವಿ, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.